ಹೊಸ ಭೂಮಿಯ ನಿರೀಕ್ಷೆ: ‘ಪ್ರಕಟನೆ’ ಗ್ರಂಥದ ಒಂದು ಭಾಗ ಮತ್ತು ಹತ್ತೊಂಬತ್ತನೆಯ ಶತಮಾನದ ಕೊಡಗು

ಕನ್ನಡದ ವಿದ್ವತ್ ಪರಂಪರೆಯು ಬಾಸೆಲ್ ಮಿಷನ್ನಿನ ಪಾದ್ರಿಗಳನ್ನು ನೆನೆಯುವುದು ಮುಖ್ಯವಾಗಿ ಅವರು ಸಲ್ಲಿಸಿದ ನುಡಿಸೇವೆಗಾಗಿ. ಹೆರ್ಮನ್ ಮೋಗ್ಲಿಂಗ್ ಎಂದೊಡನೆ 1843ರ ‘ಮಂಗಳೂರ ಸಮಾಚಾರ’ವೂ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯೂ ನೆನಪಾಗುತ್ತವೆ. ಫರ್ಡಿನಾಂಡ್ ಕಿಟೆಲ್ ಎಂದೊಡನೆ 1894ರ ನಿಘಂಟು ಕಣ್ಣ ಮುಂದೆ ಬರುತ್ತದೆ. ಶ್ರೀನಿವಾಸ ಹಾವನೂರ ಅವರ ‘ಹೊಸಗನ್ನಡದ ಅರುಣೋದಯ’ದಂತಹ ಸಂಶೋಧನೆಗಳು ಈ ಸೇವೆಯ ವ್ಯಾಪ್ತಿಯನ್ನು ನಿಖರವಾಗಿ ಗುರುತಿಸಿಕೊಟ್ಟಿವೆ. ಆದರೆ ಈ ವ್ಯಕ್ತಿಗಳನ್ನು ತಮ್ಮ ನಾಡಿನಿಂದ ಹೊರಡಿಸಿ ಇಲ್ಲಿಗೆ ತಂದ ಪ್ರೇರಣೆ ಯಾವುದು, ಅವರು ಎಂತಹ ಕಾಲಪ್ರಜ್ಞೆಯೊಳಗೆ ಬದುಕುತ್ತಿದ್ದರು ಎಂಬ ಪ್ರಶ್ನೆ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರ ಧಾರ್ಮಿಕ ನಿರೀಕ್ಷೆಯನ್ನು ಬದಿಗಿಟ್ಟು ಅವರ ಮುದ್ರಣಾಲಯವನ್ನಷ್ಟೇ ನೋಡಿದರೆ ಚರಿತ್ರೆಯ ಅರ್ಧಭಾಗ ಮಾತ್ರ ಕಾಣುತ್ತದೆ.

ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ 21ನೆಯ ಅಧ್ಯಾಯದ ಮೊದಲ ಐದು ವಾಕ್ಯಗಳು ಹೊಸ ಆಕಾಶ ಮತ್ತು ಹೊಸ ಭೂಮಿಯ ದರ್ಶನವನ್ನು ಕೊಡುತ್ತವೆ. ಈ ಭಾಗವನ್ನು ಕೇಂದ್ರವಾಗಿಟ್ಟುಕೊಂಡು, ಅದರ ಅರ್ಥವು ವುರ್ಟೆಂಬರ್ಗಿನ ಹಳ್ಳಿಗಳಿಂದ ಧಾರವಾಡ ಸೀಮೆಯ ಮೂಲಕ ಕೊಡಗಿನ ಆನಂದಪುರದವರೆಗೆ ಹೇಗೆ ಸಾಗಿಬಂದಿತು, ಸಾಗುವ ದಾರಿಯಲ್ಲಿ ಹೇಗೆ ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದು ದೇವತಾಶಾಸ್ತ್ರದ ಚರ್ಚೆಯಲ್ಲ. ಒಂದು ಗ್ರಂಥಭಾಗವನ್ನು ಬೇರೆ ಬೇರೆ ಜನರು ಬೇರೆ ಬೇರೆ ಸ್ಥಿತಿಗಳಲ್ಲಿ ಓದಿದಾಗ, ಕೇಳಿದಾಗ ಉಂಟಾದ ಐತಿಹಾಸಿಕ ಪರಿಣಾಮಗಳ ಚರ್ಚೆ.

ಗ್ರಂಥಭಾಗದ ಸ್ವರೂಪ

‘ಪ್ರಕಟನೆ’ ಗ್ರಂಥವು ಸಾಮಾನ್ಯವಾಗಿ ಕ್ರಿ.ಶ. ಮೊದಲನೆಯ ಶತಮಾನದ ಕೊನೆಯ ದಶಕಕ್ಕೆ, ರೋಮನ್ ಚಕ್ರವರ್ತಿ ಡೊಮಿಷಿಯನ್ನನ ಆಳ್ವಿಕೆಯ ಕಾಲಕ್ಕೆ ಸೇರಿದುದೆಂದು ವಿದ್ವಾಂಸರು ಹೇಳುತ್ತಾರೆ. ಪತ್ಮೋಸ್ ಎಂಬ ದ್ವೀಪದಲ್ಲಿದ್ದ ಯೋಹಾನನು ಏಷ್ಯಾ ಮೈನರಿನ ಏಳು ಸಭೆಗಳನ್ನು ಉದ್ದೇಶಿಸಿ ಬರೆದ ಕೃತಿ ಇದು. ಗ್ರೀಕ್ ಮೂಲದಲ್ಲಿ ಇದರ ಹೆಸರಿನ ಅರ್ಥ ‘ಮುಸುಕು ತೆಗೆಯುವುದು’ ಎಂದು. ಕನ್ನಡದ ‘ಪ್ರಕಟನೆ’ ಎಂಬ ಪದ ಈ ಅರ್ಥಕ್ಕೆ ನಿಷ್ಠವಾಗಿದೆ. ಆದರೆ ಜನಬಳಕೆಯಲ್ಲಿ ಈ ಗ್ರಂಥದ ಹೆಸರು ಕೇಳಿದೊಡನೆ ಮೂಡುವುದು ಲೋಕನಾಶದ ಭೀಕರ ಚಿತ್ರಗಳು. ಇದಕ್ಕೆ ಕಾರಣ, 22 ಅಧ್ಯಾಯಗಳ ಈ ಗ್ರಂಥದ ಬಹುಪಾಲು ಮುದ್ರೆ, ತುತೂರಿ, ಮೃಗ, ಘಟಸರ್ಪ, ಯುದ್ಧ, ಕ್ಷಾಮಗಳ ಪ್ರತಿಮೆಗಳಿಂದ ತುಂಬಿರುವುದೇ ಆಗಿದೆ.

ಹೀಗಿದ್ದರೂ ಗ್ರಂಥವು ಮುಗಿಯುವುದು ನಾಶದಲ್ಲಲ್ಲ. 21ನೆಯ ಅಧ್ಯಾಯದ ಆರಂಭದಲ್ಲಿ ಹಳೆಯ ಆಕಾಶ, ಹಳೆಯ ಭೂಮಿಗಳು ಇಲ್ಲವಾಗಿ ಹೊಸವು ಕಾಣಿಸಿಕೊಳ್ಳುತ್ತವೆ; ಸಮುದ್ರವು ಇಲ್ಲವಾಗುತ್ತದೆ; ಅಲಂಕೃತಳಾದ ಮದುವಣಗಿತ್ತಿಯಂತೆ ಒಂದು ನಗರವು ಮೇಲಿನಿಂದ ಕೆಳಗಿಳಿದು ಬರುತ್ತದೆ; ದೇವರು ಮನುಷ್ಯರ ನಡುವೆಯೇ ನೆಲೆಸುತ್ತಾನೆ; ಕಣ್ಣೀರು, ಮರಣ, ಗೋಳಾಟ, ನೋವುಗಳು ಕೊನೆಗೊಳ್ಳುತ್ತವೆ; ಸಿಂಹಾಸನದ ಮೇಲಿರುವಾತನು ತಾನು ಎಲ್ಲವನ್ನೂ ಹೊಸದಾಗಿ ಮಾಡುವೆನೆಂದು ಸಾರುತ್ತಾನೆ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಚಲನೆಯ ದಿಕ್ಕು. ಮನುಷ್ಯರು ಭೂಮಿಯನ್ನು ಬಿಟ್ಟು ಮೇಲಕ್ಕೆ ಹೋಗುವುದಿಲ್ಲ, ನಗರವೇ ಕೆಳಕ್ಕೆ ಬರುತ್ತದೆ. ಎರಡನೆಯದು, ದರ್ಶನದ ತಿರುಳು ಕಾಲಕ್ಕಿಂತ ಹೆಚ್ಚಾಗಿ ನೆಲೆಗೆ ಸಂಬಂಧಿಸಿದ್ದು. ಯಾವಾಗ ಎಂಬುದಕ್ಕೆ ಈ ಐದು ವಾಕ್ಯಗಳಲ್ಲಿ ಉತ್ತರವಿಲ್ಲ. ಯಾರು ಯಾರೊಡನೆ ವಾಸಿಸುವರು ಎಂಬುದಕ್ಕೆ ಉತ್ತರವಿದೆ.

ಭಾರತೀಯ ಓದುಗನಿಗೆ ಸಹಜವಾಗಿ ನೆನಪಾಗುವ ಪ್ರಳಯದ ಕಲ್ಪನೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಸೂಚಿಸುವುದು ಉಚಿತ. ಪುರಾಣಗಳ ಗಣನೆಯಲ್ಲಿ ಕಲಿಯುಗವು 4,32,000 ವರ್ಷಗಳ ಅವಧಿ; ಅದು ಮುಗಿದ ಮೇಲೆ ಕೃತಯುಗವು ಮರಳುತ್ತದೆ, ಚಕ್ರವು ತಿರುಗುತ್ತಲೇ ಇರುತ್ತದೆ. ‘ಪ್ರಕಟನೆ’ಯಲ್ಲಿ ಚಕ್ರವಿಲ್ಲ. ಅಲ್ಲಿನ ಹೊಸತು ಮತ್ತೆ ಹಳತಾಗುವುದಿಲ್ಲ. ಆದುದರಿಂದಲೇ ಆ ಹೊಸತಿನ ಹೊಸ್ತಿಲಿನಲ್ಲಿ ತಾವು ನಿಂತಿದ್ದೇವೆಂದು ನಂಬಿದವರಿಗೆ ಒಂದು ಬಗೆಯ ಆತುರವು ಅನಿವಾರ್ಯವಾಗುತ್ತದೆ.

ವುರ್ಟೆಂಬರ್ಗಿನ ಕಾಲಗಣನೆ

ಈ ಆತುರದ ಒಂದು ಪ್ರಬಲ ರೂಪವು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಬೆಳೆಯಿತು. ಅಲ್ಲಿನ ಪಿಯೆಟಿಸ್ಟ್ ಎಂದು ಕರೆಯಲಾಗುವ ಭಕ್ತಿಪರ ಪಂಥದ ಪ್ರಮುಖ ವಿದ್ವಾಂಸ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಗ್ರೀಕ್ ಹೊಸ ಒಡಂಬಡಿಕೆಯ ಪಾಠಸಂಶೋಧನೆಯಲ್ಲಿ ಯುರೋಪಿನಾದ್ಯಂತ ಗೌರವ ಪಡೆದವನು. ಅದೇ ಬೆಂಗೆಲ್ 1740ರಲ್ಲಿ ಪ್ರಕಟಿಸಿದ ‘ಪ್ರಕಟನೆ’ಯ ವ್ಯಾಖ್ಯಾನದಲ್ಲಿ ಗ್ರಂಥದೊಳಗಿನ ಸಂಖ್ಯೆಗಳನ್ನು ಚರಿತ್ರೆಯ ವರ್ಷಗಳಿಗೆ ಹೊಂದಿಸಲು ಯತ್ನಿಸಿದನು. ಮೃಗದ ಸಂಖ್ಯೆಯಾದ 666ನ್ನು ವರ್ಷಗಳೆಂದೂ, ಮೃಗದ ಅಧಿಕಾರದ ಅವಧಿಯಾದ 42 ತಿಂಗಳುಗಳು ಅವಕ್ಕೆ ಸಮವೆಂದೂ ಇಟ್ಟುಕೊಂಡರೆ ಒಂದು ಪ್ರವಾದನಾ ತಿಂಗಳಿಗೆ 15 ವರ್ಷ ಮತ್ತು ಒಂದು ವರ್ಷದ ಏಳರಲ್ಲಿ ಆರು ಭಾಗ ಬರುತ್ತದೆ. ಈ ಅಳತೆಗೋಲನ್ನು ಹಿಡಿದು ಲೆಕ್ಕ ಮಾಡಿ, ಮೃಗದ ಪತನವೂ ಸಾವಿರ ವರ್ಷಗಳ ಶಾಂತಿಯುಗದ ಆರಂಭವೂ 1836ರಲ್ಲಿ ಆಗುವುದೆಂದು ಬೆಂಗೆಲ್ ನಿರ್ಣಯಿಸಿದನು.

ಈ ಲೆಕ್ಕವು ಪಂಡಿತರ ಕೊಠಡಿಯಲ್ಲಿಯೇ ಉಳಿಯಲಿಲ್ಲ. ನೆಪೋಲಿಯನ್ನನ ಯುದ್ಧಗಳು, 1816ರ ಬೇಸಿಗೆಯಿಲ್ಲದ ವರ್ಷ, ಅದರ ಹಿಂದೆಯೇ ಬಂದ ಕ್ಷಾಮ ಇವೆಲ್ಲವೂ ಅಂತ್ಯಕಾಲದ ಗುರುತುಗಳಾಗಿ ವುರ್ಟೆಂಬರ್ಗಿನ ರೈತರಿಗೆ ತೋರಿದವು. ಸಾವಿರಾರು ಮಂದಿ ಆ ವರ್ಷಗಳಲ್ಲಿ ಮನೆಮಠಗಳನ್ನು ಮಾರಿ ಕಾಕಸಸ್ ಪ್ರದೇಶಕ್ಕೆ ವಲಸೆ ಹೋದರು. ಈ ವಲಸೆಯನ್ನು ತಡೆಯುವ ಉದ್ದೇಶವೂ ಸೇರಿಕೊಂಡು 1819ರಲ್ಲಿ ಸ್ಟುಟ್‌ಗಾರ್ಟಿನ ಹತ್ತಿರ ಕೋರ್ನ್‌ಟಾಲ್ ಎಂಬ ಹೊಸ ವಸತಿಯು ಹುಟ್ಟಿಕೊಂಡಿತು. ಅದರ ಸ್ಥಾಪಕ ಗೊಟ್ಲೀಬ್ ವಿಲ್ಹೆಲ್ಮ್ ಹೋಫ್‌ಮನ್. ಬರಲಿರುವ ರಾಜ್ಯಕ್ಕಾಗಿ ಕಾಯುತ್ತ, ಕಾಯುವಾಗ ದುಡಿಯುತ್ತ, ಒಂದೇ ನಿಯಮದಡಿ ಬಾಳುವ ಊರು ಅದು. ಈತನ ಮಗ ವಿಲ್ಹೆಲ್ಮ್ ಹೋಫ್‌ಮನ್ 1839ರಿಂದ 1850ರವರೆಗೆ ಬಾಸೆಲ್ ಮಿಷನ್ನಿನ ಮುಖ್ಯಾಧಿಕಾರಿಯಾಗಿದ್ದನು. ಇನ್ನೊಬ್ಬ ಮಗ ಕ್ರಿಸ್ಟೋಫ್ ಹೋಫ್‌ಮನ್ ಪ್ಯಾಲೆಸ್ಟೈನಿಗೆ ಹೋಗಿ ನೆಲೆಸುವ ಟೆಂಪ್ಲರ್ ಪಂಥವನ್ನು ಕಟ್ಟಿ 1868ರಲ್ಲಿ ಹೈಫಾ ತಲುಪಿದನು. ಒಂದೇ ಮನೆಯ ಒಂದೇ ನಿರೀಕ್ಷೆಯು ಒಂದು ಕಡೆ ಪ್ಯಾಲೆಸ್ಟೈನಿಗೂ ಇನ್ನೊಂದು ಕಡೆ ಕನ್ನಡ ನಾಡಿಗೂ ಕವಲೊಡೆದ ಬಗೆ ಇದು.

ಬಾಸೆಲ್ ಮಿಷನ್ ಸ್ಥಾಪನೆಯಾದುದು 1815ರಲ್ಲಿ, ಸ್ವಿಟ್ಜರ್ಲೆಂಡಿನ ನಗರದಲ್ಲಿ. ಆದರೆ ಅದರ ಕಾರ್ಯಕರ್ತರಲ್ಲಿ ದೊಡ್ಡ ಪಾಲು ವುರ್ಟೆಂಬರ್ಗಿನಿಂದ ಬಂದಿತು. 1833ರ ಚಾರ್ಟರ್ ಕಾಯಿದೆಯಿಂದ ಬ್ರಿಟಿಷೇತರ ಮಿಷನರಿಗಳಿಗೂ ಭಾರತದ ಬಾಗಿಲು ತೆರೆದ ಮೇಲೆ, 1834ರಲ್ಲಿ ಅದರ ಮೊದಲ ತಂಡ ಮಂಗಳೂರನ್ನು ತಲುಪಿತು. 1811ರಲ್ಲಿ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿ ಟ್ಯೂಬಿಂಗೆನ್ನಿನಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ ಭಾರತಕ್ಕೆ ಬಂದುದು 1836ರಲ್ಲಿ. ಬೆಂಗೆಲ್ ನಿರ್ಣಯಿಸಿದ್ದ ವರ್ಷವೇ ಅದು. ಈ ಹೊಂದಿಕೆಯನ್ನು ಕಾರ್ಯಕಾರಣವೆಂದು ಹಿಗ್ಗಿಸುವ ಅಗತ್ಯವಿಲ್ಲ. ಆದರೆ ಗಮನಿಸಬೇಕಾದುದು ಇಷ್ಟು: 1836 ಬಂದು ಹೋಯಿತು, ಆಕಾಶವು ಹಾಗೆಯೇ ಇದ್ದಿತು. ತನ್ನ ಲೆಕ್ಕ ತಪ್ಪಾದರೆ ಅದರ ಮೂಲದಲ್ಲಿಯೇ ದೋಷವಿರಬೇಕೆಂದು ಬೆಂಗೆಲ್ ಮೊದಲೇ ಒಪ್ಪಿಕೊಂಡಿದ್ದನು. ಆದುದರಿಂದ ಅವನ ಅನುಯಾಯಿಗಳಲ್ಲಿ ನಿರೀಕ್ಷೆ ಸಾಯಲಿಲ್ಲ, ರೂಪವನ್ನು ಬದಲಿಸಿಕೊಂಡಿತು. ವರ್ಷವನ್ನು ಹುಡುಕುವುದರ ಬದಲು, ಬರಲಿರುವ ರಾಜ್ಯಕ್ಕೆ ಸಾಕ್ಷಿಯಾಗುವ ಸಮುದಾಯಗಳನ್ನು ಕಟ್ಟುವುದು ಮುಖ್ಯವಾಯಿತು. ಕೋರ್ನ್‌ಟಾಲಿನ ಮಾದರಿಯು ಕಾಲಗಣನೆಯ ಜಾಗವನ್ನು ಹಿಡಿಯಿತು.

ಕಾಲಜ್ಞಾನದೊಡನೆ ಮುಖಾಮುಖಿ

ಹೀಗೆ ಬಂದವರನ್ನು ಕನ್ನಡ ನಾಡಿನಲ್ಲಿ ಎದುರುಗೊಂಡುದು ಭವಿಷ್ಯದ ಬಗ್ಗೆ ಮೌನವಾಗಿದ್ದ ಸಂಸ್ಕೃತಿಯಲ್ಲ. ವೀರಶೈವ ಪರಂಪರೆಯಲ್ಲಿ ಕಾಲಜ್ಞಾನ ಸಾಹಿತ್ಯವು ಆಗಲೇ ವಿಪುಲವಾಗಿ ಬೆಳೆದಿತ್ತು. ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’ದಲ್ಲಿಯೂ ಕಾಲಜ್ಞಾನದ ಭಾಗವಿದ್ದು, ವೀರ ವಸಂತರಾಯನು ಬಂದು ಕಲ್ಯಾಣವನ್ನು ಮತ್ತೆ ನೆಲೆಗೊಳಿಸುವನೆಂಬ ನಿರೀಕ್ಷೆ ಅದರಲ್ಲಿ ಅಡಕವಾಗಿದೆ. ಕೊಡೇಕಲ್ಲ ಬಸವಣ್ಣನ ಪರಂಪರೆಯಲ್ಲಿ ಅಮರಗನ್ನಡವೆಂಬ ಗೂಢಲಿಪಿಯಲ್ಲಿ ಬರೆದ ಕಾಲಜ್ಞಾನಗಳೂ ಇವೆ. ಹಾಳಾದ ಕಲ್ಯಾಣ, ಮರಳುವ ಅರಸ, ಮತ್ತೆ ಕಟ್ಟಲ್ಪಡುವ ನಗರ ಎಂಬ ಈ ಕಲ್ಪನೆಗಳಿಗೂ ‘ಪ್ರಕಟನೆ’ಯ ಕೊನೆಯ ಅಧ್ಯಾಯಗಳಿಗೂ ಇರುವ ಹೋಲಿಕೆಯು ಮೇಲುನೋಟಕ್ಕೇ ಕಾಣುತ್ತದೆ.

1839–40ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ ಪ್ರದೇಶದ ಕಾಲಜ್ಞಾನಿಗಳೆಂಬ ಒಂದು ಪಂಗಡದವರು ಬಾಸೆಲ್ ಮಿಷನರಿಗಳ ಸಂಪರ್ಕಕ್ಕೆ ಬಂದರು. ತಮ್ಮ ‘ನುಡಿ’ಗಳಲ್ಲಿ ಹೇಳಿರುವ ಹೊಸ ಕಾಲದ ಸೂಚನೆಗಳನ್ನು ಈ ಪರದೇಶಿ ಗುರುಗಳಲ್ಲಿ ಕಂಡೆವೆಂಬುದು ಅವರ ಭಾವನೆಯಾಗಿತ್ತು. ಮೋಗ್ಲಿಂಗನೂ ಈ ಸಂಬಂಧದಲ್ಲಿ ಅಪಾರ ಉತ್ಸಾಹ ತಳೆದನು. ಸಾಮೂಹಿಕ ಮತಾಂತರದ ನಿರೀಕ್ಷೆಯಿಂದ 1841ರಲ್ಲಿ ಗದಗ ಸೀಮೆಯ ಮಲ್ಲಸಮುದ್ರದಲ್ಲಿ ಒಂದು ಕೃಷಿ ವಸತಿಯನ್ನು ಆರಂಭಿಸಲಾಯಿತು. ಆದರೆ ಕಾಲಜ್ಞಾನಿಗಳು ಅಲ್ಲಿ ನೆಲೆಸಲು ಬರಲಿಲ್ಲ. ಯೋಜನೆ ವಿಫಲವಾಯಿತು.

ಮಿಷನ್ನಿನ ಚರಿತ್ರೆಗಳು ಇದನ್ನು ನಿರಾಸೆಯ ಒಂದು ಪ್ರಕರಣವೆಂದು ಹೇಳಿ ಮುಂದೆ ಸಾಗುತ್ತವೆ. ಆದರೆ ವಿಚಾರಗಳ ಚರಿತ್ರೆಯ ದೃಷ್ಟಿಯಿಂದ ಇದಕ್ಕೆ ಹೆಚ್ಚಿನ ಮಹತ್ತ್ವವಿದೆ. ಎರಡು ಪ್ರವಾದನಾ ಪರಂಪರೆಗಳು ಒಂದನ್ನೊಂದು ತಮ್ಮ ತಮ್ಮ ಗ್ರಂಥದ ಪಾತ್ರಗಳಾಗಿ ಓದಿಕೊಂಡವು. ಕಾಲಜ್ಞಾನಿಗಳ ಪಾಲಿಗೆ ಪಾದ್ರಿಗಳು ‘ನುಡಿ’ಯ ನೆರವೇರಿಕೆಯಾಗಿ ತೋರಿದರು, ಪಾದ್ರಿಗಳ ಪಾಲಿಗೆ ಕಾಲಜ್ಞಾನಿಗಳು ಸಕಲ ಜನಾಂಗಗಳು ಸಿಂಹಾಸನದ ಮುಂದೆ ಕೂಡಿಬರುವ ದರ್ಶನದ ಮೊದಲ ಸಾಲಾಗಿ ತೋರಿದರು. ಇಬ್ಬರೂ ಕಾಯುತ್ತಿದ್ದರು, ಆದರೆ ಕಾಯುತ್ತಿದ್ದುದು ಒಂದನ್ನೇ ಅಲ್ಲ. ತಮ್ಮ ಗುರುಪರಂಪರೆಯ ಪುನಃಸ್ಥಾಪನೆಯನ್ನು ಬಯಸಿದವರಿಗೆ ಮಿಷನ್ ತೋರಿಸಿದುದು ಗುಂಪಿನ ನಿಯಮ, ಬೇಸಾಯ, ಶಿಸ್ತುಗಳ ಊರನ್ನು. ಈ ವೈಫಲ್ಯದ ನೆನಪನ್ನು ಹೊತ್ತೇ ಮೋಗ್ಲಿಂಗ್ ಮುಂದೆ ಕೊಡಗಿಗೆ ಬಂದನು.

ಕೊಡಗು: ಅರಸನಿಲ್ಲದ ನಾಡು

ಕೊಡಗಿಗೆ ಕ್ರೈಸ್ತ ಧರ್ಮವು ಬಾಸೆಲ್ ಮಿಷನ್ನಿನ ಮೂಲಕವೇ ಮೊದಲು ಬಂದುದಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರನು ಆಶ್ರಯ ನೀಡಿ, 1792ರಲ್ಲಿ ವಿರಾಜಪೇಟೆಯಲ್ಲಿ ನೆಲೆಗೊಳಿಸಿದನು. ಅಲ್ಲಿನ ಸಂತ ಅನ್ನಮ್ಮನ ದೇವಾಲಯ ಇದರ ಸಾಕ್ಷಿ. ಕಥೋಲಿಕ ಪರಂಪರೆಯು ಅಗಸ್ಟೀನನ ಮಾರ್ಗವನ್ನು ಅನುಸರಿಸಿ, ಸಾವಿರ ವರ್ಷಗಳ ಆಳ್ವಿಕೆಯನ್ನು ಧರ್ಮಸಭೆಯ ವರ್ತಮಾನ ಕಾಲವೆಂದೇ ತಿಳಿಯುತ್ತದೆ. ಆದ್ದರಿಂದ ಅಲ್ಲಿ ವರ್ಷಗಳ ಲೆಕ್ಕಕ್ಕೂ ಆತುರಕ್ಕೂ ಎಡೆಯಿಲ್ಲ. ಆಶ್ರಯವನ್ನು ಆಗಲೇ ಪಡೆದ ಜನಸಮುದಾಯದ ಧರ್ಮವಾಗಿ ಅದು ವಿರಾಜಪೇಟೆಯಲ್ಲಿ ಶಾಂತವಾಗಿ ಬೇರೂರಿತು.

1834ರ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯ ಮಡಿಕೇರಿಯನ್ನು ಪ್ರವೇಶಿಸಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಮೇ ತಿಂಗಳಲ್ಲಿ ಕೊಡಗು ಕಂಪೆನಿಯ ಆಡಳಿತಕ್ಕೆ ಸೇರಿತು. ಸುಮಾರು ಎರಡು ಶತಮಾನಗಳಿಗೂ ಮೇಲ್ಪಟ್ಟು ಆಳಿದ ಲಿಂಗಾಯತ ಹಾಲೇರಿ ವಂಶವು ಹೀಗೆ ಕೊನೆಗೊಂಡಾಗ ಜನರಲ್ಲಿ ಉಂಟಾದ ಶೂನ್ಯಭಾವವನ್ನು ಅಳೆಯಲು 1837ರ ಬಂಡಾಯವೇ ಸಾಕು. ಜಂಗಮ ವೇಷದ ಅಪರಂಪಾರ, ಕಲ್ಯಾಣಸ್ವಾಮಿ ಇವರು ಹಾಲೇರಿ ವಂಶದವರೆಂದು ಕಾಣಿಸಿಕೊಂಡರು. ಕಲ್ಯಾಣಸ್ವಾಮಿಯು ಸೆರೆಯಾದ ಮೇಲೆ ಪುಟ್ಟಬಸಪ್ಪನೆಂಬಾತನು ಅದೇ ಹೆಸರಿನಲ್ಲಿ ಮುಂದೆ ಬಂದನು. ಕಂದಾಯವನ್ನು ನಗದಿನಲ್ಲಿಯೇ ಕೊಡಬೇಕೆಂಬ ನಿಯಮದಿಂದ ನೊಂದ ಅಮರ ಸುಳ್ಯ ಸೀಮೆಯ ರೈತರು ಅವನ ಹಿಂದೆ ಮಂಗಳೂರಿನವರೆಗೂ ನಡೆದರು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಬಂಡಾಯದ ಆರ್ಥಿಕ ಕಾರಣಗಳನ್ನು ಇತಿಹಾಸಕಾರರು ಸರಿಯಾಗಿಯೇ ಎತ್ತಿ ಹೇಳಿದ್ದಾರೆ. ಅದರ ಜೊತೆಗೆ, ಒಬ್ಬ ವ್ಯಕ್ತಿ ಸೆರೆಯಾದರೂ ಅವನ ಹೆಸರು ಸೆರೆಯಾಗದೆ ಇನ್ನೊಬ್ಬನಲ್ಲಿ ಮರಳಿತು ಎಂಬುದನ್ನೂ ಗಮನಿಸಬೇಕು. ಮರಳಿ ಬರುವ ಅರಸನ ನಿರೀಕ್ಷೆಯು ಈ ನೆಲಕ್ಕೆ ಹೊರಗಿನಿಂದ ಬಂದುದಲ್ಲ.

ಅಲ್ಮಂಡದಿಂದ ಆನಂದಪುರಕ್ಕೆ

ಈ ಹಿನ್ನೆಲೆಯಲ್ಲಿ ಮೋಗ್ಲಿಂಗನ ಕೊಡಗು ಪ್ರವೇಶವನ್ನು ನೋಡಬೇಕು. ದಾಖಲೆಗಳಲ್ಲಿ ಅಲ್ಮಂಡವೆಂದು ಕಾಣುವ ಮನೆತನಕ್ಕೆ ಸೇರಿದ ಸೋಮಯ್ಯನೆಂಬ ಕೊಡವನು ಕ್ರೈಸ್ತ ಮತವನ್ನು ಬಯಸಿ ಬಂದನು. ದೀಕ್ಷಾಸ್ನಾನದಲ್ಲಿ ಅವನಿಗೆ ಸ್ತೆಫನ ಎಂಬ ಹೆಸರಾಯಿತು. ಯುರೋಪಿಗೆ ಮರಳುವ ಸಿದ್ಧತೆಯಲ್ಲಿದ್ದ ಮೋಗ್ಲಿಂಗ್ ಆ ವಿಚಾರವನ್ನು ಕೈಬಿಟ್ಟು 1853ರಲ್ಲಿ ಅವನೊಡನೆ ಕೊಡಗಿನಲ್ಲಿ ನೆಲೆಸಿದನು. ಈ ಆರಂಭದ ವೃತ್ತಾಂತವು ಮೋಗ್ಲಿಂಗನು 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ ‘ಕೂರ್ಗ್ ಮೆಮಾಯಿರ್ಸ್’ ಗ್ರಂಥದಲ್ಲಿದೆ. ಥಿಯೊಡೋರ್ ವೈಟ್‌ಬ್ರೆಕ್ಟನೊಡನೆ ಅವನು 1866ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರತಂದ ಕೊಡಗಿನ ಪುಸ್ತಕವು ಅದನ್ನು ಮುಂದುವರಿಸುತ್ತದೆ.

ಕೊಡವ ಸಮಾಜವು ಸೋಮಯ್ಯನನ್ನು ಹೊರಗಿಟ್ಟಿತು. ಇದನ್ನು ಕೇವಲ ಮತದ್ವೇಷವೆಂದು ತಿಳಿಯುವುದು ಸರಿಯಾಗದು. ಕೊಡವರ ಒಕ್ಕವು ಬದುಕಿರುವವರದಷ್ಟೇ ಅಲ್ಲ. ಐನ್‌ಮನೆಯ ನೆಲ್ಲಕ್ಕಿಯಲ್ಲಿ ಬೆಳಗುವ ದೀಪ, ಕೈಮಡದಲ್ಲಿ ಕಾರಣವರಿಗೆ ಸಲ್ಲುವ ಎಡೆ ಇವು ಸತ್ತವರನ್ನೂ ಒಕ್ಕದ ಒಳಗೆ ಇರಿಸುತ್ತವೆ. ಜಮ್ಮಾ ಭೂಮಿಯು ಈ ಒಟ್ಟು ಕುಟುಂಬದ ಅವಿಭಕ್ತ ಸ್ವತ್ತು. ಮತಾಂತರದಿಂದ ಆಸ್ತಿಯ ಹಕ್ಕು ಹೋಗದೆಂದು 1850ರ ಕಾಯಿದೆ ಸಾರಿತ್ತು. ಆದರೆ ಯಾವ ಕಾಯಿದೆಯೂ ಕಾರಣವರೊಡನೆ ಇದ್ದ ಸಂಬಂಧವನ್ನು ಪಾಲು ಮಾಡಿ ಕೊಡಲಾರದು. ಸತ್ತವರು ಇನ್ನೂ ಮನೆಯಲ್ಲಿಯೇ ಇದ್ದಾರೆಂದು ನಂಬುವವನಿಗೆ, ಅಂತ್ಯದಲ್ಲಿ ಸತ್ತವರು ಎದ್ದುಬರುವರೆಂಬ ಬೋಧೆಯು ಪಡೆಯುವುದಕ್ಕಿಂತ ಕಳೆದುಕೊಳ್ಳುವ ಮಾತಾಗಿಯೇ ಕೇಳಿಸಿರಬೇಕು. ಕೊಡವರಲ್ಲಿ ಮತಾಂತರವು ಬೆರಳೆಣಿಕೆಯಷ್ಟೇ ಆಗಿ ಉಳಿದುದರ ಹಿಂದೆ ಈ ಕಾರಣವೂ ಇದೆಯೆಂದು ನನ್ನ ಅಭಿಪ್ರಾಯ. ನೆಲವುಳ್ಳವರಿಗೆ ಹೊಸ ಭೂಮಿಯ ಅಗತ್ಯವಿರಲಿಲ್ಲ.

ಆ ಅಗತ್ಯವಿದ್ದವರು ಬೇರೆ ಇದ್ದರು. 1850ರ ದಶಕದ ಕೊನೆಯ ಭಾಗದಲ್ಲಿ, ದಾಖಲೆಗಳು ಹೊಲೆಯರೆಂದು ಕರೆದ, ಕೊಡಗಿನ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ಕುಟುಂಬಗಳು ಮೋಗ್ಲಿಂಗನ ಬಳಿಗೆ ಬರತೊಡಗಿದವು. ಅವರಿಗಾಗಿ ಸಿದ್ದಾಪುರದ ಕಡೆಯ ಕಾಡಿನಂಚಿನಲ್ಲಿ ಆನಂದಪುರವೆಂಬ ಊರು ಹುಟ್ಟಿತು. ಗುಡಿ, ಶಾಲೆ, ಮನೆಗಳು, ಗದ್ದೆ, ಅನಂತರ ಕಾಫಿ ಇವುಗಳಿಂದ ಕೂಡಿದ ಈ ವಸತಿಯು ಕೋರ್ನ್‌ಟಾಲಿನ ಮಾದರಿಯನ್ನೂ ಮಲ್ಲಸಮುದ್ರದ ಮುರಿದ ಯೋಜನೆಯನ್ನೂ ಒಟ್ಟಿಗೆ ನೆನಪಿಗೆ ತರುತ್ತದೆ. ಮಲ್ಲಸಮುದ್ರದಲ್ಲಿ ಊರು ಸಿದ್ಧವಾಗಿದ್ದು ಜನ ಬರಲಿಲ್ಲ. ಆನಂದಪುರದಲ್ಲಿ ಜನರೇ ಮೊದಲು ಬಂದರು, ಊರು ಅವರ ಹಿಂದೆ ಬಂದಿತು. ಎರಡರ ಭಾಗ್ಯದಲ್ಲಿ ಕಂಡ ಅಂತರಕ್ಕೆ ಇದು ಮುಖ್ಯ ಕಾರಣ.

ಸರಕುಪಟ್ಟಿಯ ಕೊನೆಯ ಹೆಸರು

ಈ ಜನರ ಸ್ಥಿತಿಯನ್ನು ಅರಿಯಲು ಕೊಡಗಿನ ಜೀತಪದ್ಧತಿಯ ಸ್ವರೂಪವನ್ನು ಸಂಕ್ಷೇಪವಾಗಿ ನೋಡಬೇಕು. ಅಲ್ಲಿ ಎರಡು ಬಗೆಯ ಆಳುಗಳಿದ್ದರು. ಭೂಮಿ ಜಮ್ಮದ ಆಳುಗಳು ನೆಲಕ್ಕೆ ಅಂಟಿಕೊಂಡವರು. ಭೂಮಿಯ ಕೈ ಬದಲಾದರೆ ಅವರ ಒಡೆಯನೂ ಬದಲಾಗುತ್ತಿದ್ದನು, ಆದರೆ ಅವರನ್ನು ಆ ನೆಲದಿಂದ ಕೀಳುವಂತಿರಲಿಲ್ಲ. ಒಕ್ಕಲು ಜಮ್ಮದ ಆಳುಗಳು ಒಡೆಯನ ಸ್ವಂತ ಸ್ವತ್ತು; ಅವರನ್ನು ಬೇಕಾದಲ್ಲಿಗೆ ಒಯ್ಯಬಹುದಾಗಿತ್ತು, ಮಾರಬಹುದಾಗಿತ್ತು. ಅರಸರ ಪಣ್ಯ ಭೂಮಿಗಳೂ ಇಂತಹ ದುಡಿಮೆಯಿಂದಲೇ ನಡೆಯುತ್ತಿದ್ದವು. 1843ರ ಐದನೆಯ ಕಾಯಿದೆಯು ಗುಲಾಮರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದು ವಿಧಿಸಿತು. ಆದರೆ ಒಡೆತನವನ್ನು ಅಪರಾಧವೆಂದು ಹೇಳಲಿಲ್ಲ. ಅದು ದಂಡನೀಯವಾದುದು 1860ರ ಭಾರತೀಯ ದಂಡಸಂಹಿತೆಯು 1862ರಲ್ಲಿ ಜಾರಿಗೆ ಬಂದ ಮೇಲೆ. ಈ ಎರಡು ದಿನಾಂಕಗಳ ನಡುವಣ ಅವಧಿಯಲ್ಲಿಯೇ ಆನಂದಪುರ ಸ್ಥಾಪನೆಯಾಯಿತು ಎಂಬುದು ಆಕಸ್ಮಿಕವಲ್ಲ. ಕಾಗದದ ಮೇಲೆ ಬಿಡುಗಡೆಯಾಗಿತ್ತು, ಹೋಗಲು ಊರಿರಲಿಲ್ಲ.

ಇಲ್ಲಿ ‘ಪ್ರಕಟನೆ’ಯ ಇನ್ನೊಂದು ಭಾಗವನ್ನು 21ನೆಯ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. 18ನೆಯ ಅಧ್ಯಾಯದಲ್ಲಿ ಬಾಬೆಲ್ ನಗರವು ಬಿದ್ದಾಗ ವರ್ತಕರು ತಮ್ಮ ಸರಕನ್ನು ಕೊಳ್ಳುವವರಿಲ್ಲವೆಂದು ಗೋಳಾಡುತ್ತಾರೆ. ಅವರ ಸರಕುಗಳ ದೀರ್ಘ ಪಟ್ಟಿಯು ಚಿನ್ನ, ಬೆಳ್ಳಿ, ರತ್ನಗಳಿಂದ ಮೊದಲಾಗಿ ರೇಷ್ಮೆ, ದಂತ, ಲವಂಗಚಕ್ಕೆ, ಸಾಂಬಾರ ದ್ರವ್ಯ, ದ್ರಾಕ್ಷಾರಸ, ಎಣ್ಣೆ, ಗೋಧಿ, ದನಕುರಿ, ಕುದುರೆ, ರಥಗಳ ಮೂಲಕ ಸಾಗಿ ಕೊನೆಯಲ್ಲಿ ಗುಲಾಮರನ್ನೂ ಮನುಷ್ಯರ ಪ್ರಾಣಗಳನ್ನೂ ಹೆಸರಿಸುತ್ತದೆ. ಬಾಬೆಲ್ ಎಂಬುದು ರೋಮಿಗೆ ಇಟ್ಟ ಸಂಕೇತನಾಮವೆಂದು ಬಹುಪಾಲು ವ್ಯಾಖ್ಯಾನಕಾರರು ಒಪ್ಪುತ್ತಾರೆ. ಸಾಮ್ರಾಜ್ಯದ ವೈಭವವನ್ನು ಬಣ್ಣಿಸುವ ಪಟ್ಟಿಯನ್ನು ಅದರ ತಳದಲ್ಲಿರುವ ಮನುಷ್ಯ ವ್ಯಾಪಾರದಲ್ಲಿ ಮುಗಿಸಿರುವುದು ಉದ್ದೇಶಪೂರ್ವಕವಾದ ಕ್ರಮ. ಏಲಕ್ಕಿ, ಮೆಣಸು, ಅಕ್ಕಿಗಳಿಗೆ ಹೆಸರಾದ ನಾಡಿನಲ್ಲಿ, ಆಳುಗಳನ್ನೂ ಸ್ವತ್ತಿನ ಜೊತೆಗೇ ಎಣಿಸುತ್ತಿದ್ದ ವ್ಯವಸ್ಥೆಯ ನಡುವೆ ಈ ಪಟ್ಟಿಯನ್ನು ಓದಿದಾಗ ಅದರ ಅರ್ಥಕ್ಕೆ ವ್ಯಾಖ್ಯಾನವೇ ಬೇಕಾಗುವುದಿಲ್ಲ. 21ನೆಯ ಅಧ್ಯಾಯದ ಹೊಸ ನಗರವು 18ನೆಯ ಅಧ್ಯಾಯದ ಹಳೆಯ ನಗರಕ್ಕೆ ಕೊಟ್ಟ ಉತ್ತರ. ಮೊದಲನೆಯದರಲ್ಲಿ ಮನುಷ್ಯನು ಸರಕು. ಎರಡನೆಯದರಲ್ಲಿ ಅವನ ಕಣ್ಣೀರನ್ನು ಒರೆಸಲಾಗುತ್ತದೆ.

ಆದರೆ ಆನಂದಪುರವನ್ನು ಆ ಹೊಸ ನಗರದೊಡನೆ ಸಮೀಕರಿಸಿದರೆ ಚರಿತ್ರೆಗೆ ಅಪಚಾರವಾದೀತು. ಯುರೋಪಿಯನ್ ಬಂಡವಾಳದ ಮೊದಲ ಕಾಫಿ ತೋಟವನ್ನು ಫೌಲರ್ 1854ರಲ್ಲಿ ಮಡಿಕೇರಿಯಲ್ಲಿ ತೆರೆದ ಮೇಲೆ ಕೊಡಗಿನ ಕಾಡು ಶೀಘ್ರವಾಗಿ ತೋಟಗಳಾಗಿ ಮಾರ್ಪಟ್ಟಿತು. ಗದ್ದೆಯ ಒಡೆಯನಿಂದ ಬಿಡಿಸಿಕೊಂಡ ಕೈಗಳಿಗೆ ತೋಟದ ಕೂಲಿ ಕಾದಿತ್ತು. ಮಿಷನ್ನಿನ ವಸತಿಯಲ್ಲಿಯೂ ನೆಲದ ಒಡೆತನ ನಿವಾಸಿಗಳದಾಗಿರಲಿಲ್ಲ. ಸಭಾಶಿಸ್ತಿನ ನಿಯಮಗಳನ್ನು ಮಾಡಿದವರು ಅವುಗಳನ್ನು ಪಾಲಿಸಬೇಕಾದವರಲ್ಲ. ಕಂಬಳಿಯಷ್ಟೂ ಸ್ವಂತವಿಲ್ಲದ ಜನರು ಒಬ್ಬ ಒಡೆಯನಿಂದ ಇನ್ನೊಬ್ಬ ಪೋಷಕನ ನೆರಳಿಗೆ ಬಂದರೆಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೂ ಮಾರಾಟಕ್ಕೆ ಒಳಗಾಗದ ಮನೆ, ಬೇರ್ಪಡಿಸಲಾಗದ ಹೆಂಡತಿ ಮಕ್ಕಳು, ಓದು ಕಲಿಯುವ ಮಗ ಮ‌ಗಳು, ಹೆಸರು ಬರೆದಿಡುವ ಸಭಾಪುಸ್ತಕ, ಊರಿನೊಳಗೇ ಸಿಕ್ಕ ಸಮಾಧಿಯ ಜಾಗ ಇವು ಸಣ್ಣ ಬದಲಾವಣೆಗಳಲ್ಲ. ಮಹಾದರ್ಶನವೊಂದು ನೆಲಕ್ಕಿಳಿದಾಗ ಅದು ಇಷ್ಟೇ ಅಳತೆಯಲ್ಲಿ ಇಳಿಯಿತು. ಈ ಅಳತೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಹೇಳುವುದು ಇತಿಹಾಸಕಾರನ ಕರ್ತವ್ಯ.

ಕೇಳಿದ ಭಾಷೆಯ ಪ್ರಶ್ನೆ

ಈ ಗ್ರಂಥಭಾಗವು ಕೊಡಗನ್ನು ತಲುಪಿದುದು ಕನ್ನಡದಲ್ಲಿ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ನ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಮುದ್ರಣಗೊಂಡಿತ್ತು. ಅನಂತರದ ಪರಿಷ್ಕರಣದಲ್ಲಿ ಬಾಸೆಲ್ ಮಿಷನ್ನಿನವರ ಪಾತ್ರವೂ ಇದ್ದಿತು. ಕೊಡಗಿನಲ್ಲಿ ಕನ್ನಡವು ಅರಸರ ಕಾಲದಿಂದಲೂ ಆಡಳಿತದ, ಲೆಕ್ಕಪತ್ರದ, ‘ರಾಜೇಂದ್ರನಾಮೆ’ಯಂತಹ ಚರಿತ್ರೆಯ ಭಾಷೆ. ಮನೆಯ ಮಾತು ಕೊಡವ ತಕ್ಕ್ ಆಗಿರಬಹುದು, ಬೇರೆ ಬುಡಕಟ್ಟು ನುಡಿಗಳೂ ಆಗಿರಬಹುದು. ಆದುದರಿಂದ ಆನಂದಪುರದ ಶ್ರೋತೃವಿಗೆ ಈ ದರ್ಶನವು ಕೇಳಿಸಿದುದು ಒಡೆಯರ ಕಾಗದಪತ್ರಗಳ ಭಾಷೆಯಲ್ಲಿ. ತನ್ನನ್ನು ಸ್ವತ್ತೆಂದು ಬರೆದ ಭಾಷೆಯಲ್ಲಿಯೇ ತನ್ನ ಕಣ್ಣೀರನ್ನು ಒರೆಸುವ ಮಾತನ್ನು ಕೇಳುವ ಅನುಭವ ಅದು. ಭಾಷೆಯ ಚರಿತ್ರೆಯನ್ನು ಬರೆಯುವವರು ನಿಘಂಟು ವ್ಯಾಕರಣಗಳ ಜೊತೆಗೆ ಈ ಸಂದರ್ಭವನ್ನೂ ಪರಿಗಣಿಸಬೇಕಾಗಿದೆ.

ಪ್ರತಿಮೆಗಳ ವಿಷಯದಲ್ಲಿಯೂ ಇದೇ ಮಾತು. ಸಮುದ್ರವು ಇಲ್ಲವಾಗುವುದೆಂಬ ಚಿತ್ರವು ದ್ವೀಪದಲ್ಲಿದ್ದ ಯೋಹಾನನಿಗೆ ಅಗಲಿಕೆಯ, ಅಪಾಯದ ಅಂತ್ಯವನ್ನು ಸೂಚಿಸಿರಬಹುದು. ಘಟ್ಟದ ಮೇಲಿನ ಕೊಡಗಿನವರಿಗೆ ಕಡಲು ದೈನಂದಿನ ಅನುಭವವಲ್ಲ. ಅವರ ಅನುಭವಕ್ಕೆ ಹತ್ತಿರವಾದುದು 22ನೆಯ ಅಧ್ಯಾಯದ ಜೀವಜಲದ ನದಿ. ಪ್ರತಿವರ್ಷ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವನ್ನು ಕಾಣುವ ನಾಡಿನಲ್ಲಿ, ಸಿಂಹಾಸನದ ಬುಡದಿಂದ ಹೊರಟು ಜನಾಂಗಗಳನ್ನು ಗುಣಪಡಿಸುವ ಮರಗಳ ನಡುವೆ ಹರಿಯುವ ನದಿಯು ಅಪರಿಚಿತವಾಗಿ ತೋರಲಾರದು. ಇದು ಪ್ರಭಾವದ ಮಾತಲ್ಲ, ಗ್ರಹಿಕೆಯ ಮಾತು.

ಮಿಷನರಿಗಳು ಕೊಡಗಿನ ಬಗ್ಗೆ ಬಹಳ ಬರೆದರು. ಮೋಗ್ಲಿಂಗನ ಅನಂತರ ಗೇಯೋರ್ಗ್ ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಮಂಗಳೂರಿನಿಂದ ಹೊರತಂದನು. ಮಡಿಕೇರಿಯಲ್ಲಿದ್ದ ಕಿಟೆಲನೂ ಕೊಡಗಿನ ನಂಬಿಕೆಗಳನ್ನು ಕುರಿತು ಬರೆದನು. ಈ ಬರಹಗಳಲ್ಲಿ ಆನಂದಪುರದ ಜನರು ವರ್ಣನೆಯ ವಸ್ತುಗಳಾಗಿ ಬರುತ್ತಾರೆ, ಓದುಗರಾಗಿ ಬರುವುದಿಲ್ಲ. ಅವರು ‘ಪ್ರಕಟನೆ’ಯನ್ನು ಹೇಗೆ ಅರ್ಥೈಸಿಕೊಂಡರೆಂಬುದನ್ನು ಅವರ ನಡೆಯಿಂದಲೇ ಓದಬೇಕಾಗುತ್ತದೆ. ತಲೆಮಾರುಗಳ ಗದ್ದೆಯನ್ನು ಬಿಟ್ಟು, ಒಡೆಯನ ಕೋಪವನ್ನು ಲೆಕ್ಕಿಸದೆ, ಆನೆ ಓಡಾಡುವ ಕಾಡಿನಂಚಿಗೆ ಕುಟುಂಬಸಮೇತ ನಡೆದು ಬಂದುದು ಒಂದು ವ್ಯಾಖ್ಯಾನವೇ. ಬೆಂಗೆಲ್ಲನ ವ್ಯಾಖ್ಯಾನವು ‘ಯಾವಾಗ’ ಎಂದು ಕೇಳಿತು. ಕಾಲಜ್ಞಾನಿಗಳು ‘ಯಾರು ಬರುವರು’ ಎಂದು ಕೇಳಿದರು. ಈ ಜನರ ನಡೆಯು ಕೇಳಿದುದು ‘ಎಲ್ಲಿ ಇರಬಹುದು’ ಎಂದು. 21ನೆಯ ಅಧ್ಯಾಯದ ಮೂಲ ಆಶಯಕ್ಕೆ ಈ ಮೂರರಲ್ಲಿ ಅತ್ಯಂತ ಹತ್ತಿರವಾದುದು ಕೊನೆಯದು.

ಸಮಾರೋಪ

ಮೋಗ್ಲಿಂಗ್ 1860ರಲ್ಲಿ ಭಾರತವನ್ನು ಬಿಟ್ಟು ಹೋದನು, 1881ರಲ್ಲಿ ತೀರಿಕೊಂಡನು. 1860ರ ದಶಕದಲ್ಲಿ ಕಾಂಡಕೊರಕ ಹುಳುವು ಕೊಡಗಿನ ಕಾಫಿ ತೋಟಗಳನ್ನು ಹಾಳುಗೆಡವಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ಭಾರತವನ್ನು ತೊರೆಯಬೇಕಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡಿತು. ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಆನಂದಪುರವು ಊರಾಗಿ ಉಳಿದಿದೆ. ಲೆಕ್ಕ ಹಾಕಿ ಹೇಳಿದ 1836 ಬಂದು ಹೋಯಿತು. ಲೆಕ್ಕವಿಲ್ಲದೆ ಕಟ್ಟಿದ ಊರು ನಿಂತಿತು.

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಬಾಸೆಲ್ ಮಿಷನ್ನಿನ ಕನ್ನಡ ಸೇವೆಯನ್ನು ಅದರ ಅಂತ್ಯಕಾಲದ ನಿರೀಕ್ಷೆಯಿಂದ ಬೇರ್ಪಡಿಸಿದರೆ ಅದರ ಪ್ರೇರಣೆಯಾಗಲಿ, ಮಲ್ಲಸಮುದ್ರ, ಆನಂದಪುರಗಳಂತಹ ವಸತಿಗಳ ತರ್ಕವಾಗಲಿ ಪೂರ್ಣವಾಗಿ ತಿಳಿಯುವುದಿಲ್ಲ. ಎರಡು, ಕನ್ನಡ ನಾಡಿನ ಕಾಲಜ್ಞಾನ ಪರಂಪರೆ ಮತ್ತು ‘ಪ್ರಕಟನೆ’ಯ ವ್ಯಾಖ್ಯಾನ ಪರಂಪರೆಗಳ ತೌಲನಿಕ ಅಧ್ಯಯನವು ಎರಡೂ ಕ್ಷೇತ್ರಗಳಿಗೆ ಹೊಸ ಬೆಳಕು ನೀಡಬಲ್ಲದು. ಮೂರು, ಒಂದು ಪವಿತ್ರಗ್ರಂಥದ ಅರ್ಥವು ಅದನ್ನು ಬೋಧಿಸಿದವರ ಬರಹಗಳಲ್ಲಿ ಮಾತ್ರ ಇರುವುದಿಲ್ಲ. ಅದನ್ನು ಕೇಳಿ ಎದ್ದು ನಡೆದವರ ಹೆಜ್ಜೆಗಳಲ್ಲಿಯೂ ಇರುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಮನೆಗಳು ಮಣ್ಣುಪಾಲಾದಾಗ ‘ಪ್ರಳಯ’ ಎಂಬ ಪದವು ಎಲ್ಲರ ಬಾಯಲ್ಲಿಯೂ ಇತ್ತು. ಆದರೆ ಪರಿಹಾರ ಕೇಂದ್ರಗಳಲ್ಲಿ ಸೇರಿದವರ ಎದುರಿಗಿದ್ದ ಪ್ರಶ್ನೆ ಲೋಕಾಂತ್ಯದ್ದಲ್ಲ, ಇನ್ನು ಮುಂದೆ ಎಲ್ಲಿ ನೆಲೆಸುವುದು ಎಂಬುದು. ನೂರ ಅರವತ್ತು ವರ್ಷಗಳ ಹಿಂದೆ ಆನಂದಪುರಕ್ಕೆ ನಡೆದು ಬಂದವರ ಪ್ರಶ್ನೆಯೂ ಅದೇ ಆಗಿತ್ತು. ಪತ್ಮೋಸಿನ ಯೋಹಾನನು ತನ್ನ ದರ್ಶನವನ್ನು ಬೆಂಕಿಯಲ್ಲಿ ಮುಗಿಸದೆ, ಎಂದೂ ಬಾಗಿಲು ಮುಚ್ಚದ ಒಂದು ಊರಿನಲ್ಲಿ ಮುಗಿಸಿದುದರ ಅರ್ಥವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಯುಕ್ತ.